ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗ: ಭಟ್ಕಳ, ಹೊನ್ನಾವರ, ಕುಮಟಾದ ನಮ್ಮ ಮಕ್ಕಳಿಗೆ ಅಲ್ಲಿ ಏನಿದೆ?



ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಕರಾವಳಿಯ ಜೈನ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಸೀಟು ಎಲ್ಲಿ ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ, ಮುಗಿದ ಮೇಲೆ ಕೆಲಸ ಸಿಗುತ್ತದೆಯೇ? ಪ್ರಶ್ನೆ ತಪ್ಪಲ್ಲ. ಆದರೆ ಅದು ಅರ್ಧ ಪ್ರಶ್ನೆ. ಕಂಪ್ಯೂಟರ್ ವಿಭಾಗ ಎಂದರೆ ತರಗತಿ, ಪರೀಕ್ಷೆ ಮತ್ತು ಕ್ಯಾಂಪಸ್ ನೇಮಕಾತಿ ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ದೊಡ್ಡ ವಿದ್ಯಾಸಂಸ್ಥೆಯ ಕಂಪ್ಯೂಟರ್ ವಿಜ್ಞಾನ ವಿಭಾಗ ಮೂರು ಕೆಲಸ ಮಾಡುತ್ತದೆ. ಒಂದು, ಸಂಶೋಧನೆ. ಎರಡು, ಹೊರಗಿನ ಶಾಲಾ ಕಾಲೇಜು ಮತ್ತು ಜನರಿಗೆ ತನ್ನ ಬಾಗಿಲು ತೆರೆಯುವುದು. ಮೂರು, ಉದ್ಯೋಗಕ್ಕೆ ತಯಾರು ಮಾಡುವುದು. ಮೂರನೆಯದನ್ನು ಮಾತ್ರ ನೋಡಿ ಮೊದಲೆರಡನ್ನು ಬಿಟ್ಟರೆ ನಷ್ಟ ನಮ್ಮ ಮಕ್ಕಳದ್ದು.

ಈ ಲೇಖನದ ಉದ್ದೇಶ ಇಷ್ಟೇ. ಪಿಯುಸಿಯಲ್ಲಿ ದೊಡ್ಡ ಸಂಸ್ಥೆಯ ಸೀಟು ಸಿಗದ ಮಗುವಿಗೂ ಮೂರು ನಾಲ್ಕು ವರ್ಷಗಳ ನಂತರ ಅದೇ ಸಂಸ್ಥೆಗೆ, ಅದೂ ತಿಂಗಳ ವೇತನದೊಂದಿಗೆ, ಹೋಗುವ ದಾರಿ ಇದೆ. ಆ ದಾರಿ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಪಾಲಕರು ತಿಳಿದಿರಬೇಕು.

ಕಾಲೇಜು ಬೇರೆ, ಸಂಶೋಧನಾ ವಿಭಾಗ ಬೇರೆ

ನಮ್ಮ ಮೂರು ತಾಲ್ಲೂಕುಗಳಲ್ಲಿ ಕಲಿಯಲು ಅವಕಾಶ ಇಲ್ಲದಿಲ್ಲ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆ 1980ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭಿಸಿತು. ಅದು ಈಗ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹೊನ್ನಾವರದ ಎಸ್‌ಡಿಎಂ ಕಾಲೇಜು, ಕುಮಟಾದ ಡಾ. ಎ. ವಿ. ಬಾಳಿಗಾ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಹಳೆಯ ಪದವಿ ಕಾಲೇಜುಗಳು. ಇಲ್ಲಿ ಓದಿದ ಎಷ್ಟೋ ಮಕ್ಕಳು ಒಳ್ಳೆಯ ಸ್ಥಾನಕ್ಕೆ ಹೋಗಿದ್ದಾರೆ.

ಇಂಥ ಕಾಲೇಜಿನ ಮುಖ್ಯ ಕೆಲಸ ಈಗಾಗಲೇ ಗೊತ್ತಿರುವುದನ್ನು ಚೆನ್ನಾಗಿ ಕಲಿಸುವುದು. ಸಂಶೋಧನಾ ವಿಭಾಗ ಅದರ ಜೊತೆಗೆ ಇನ್ನೂ ಯಾರಿಗೂ ಗೊತ್ತಿಲ್ಲದ್ದನ್ನು ಹುಡುಕುತ್ತದೆ. ನಮಗೆ ತಲುಪುವ ದೂರದಲ್ಲಿ ಅಂಥವು ಕೆಲವಿವೆ. ಸುರತ್ಕಲ್‌ನ ಎನ್‌ಐಟಿಕೆ 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಎಂದು ಹುಟ್ಟಿದ್ದು. ಕುಮಟಾ, ಹೊನ್ನಾವರ, ಭಟ್ಕಳದ ನಿಲ್ದಾಣಗಳಲ್ಲಿ ಕೊಂಕಣ ರೈಲು ಹತ್ತಿದರೆ ಅದೇ ಹಳಿಯ ಮೇಲೆ ಸುರತ್ಕಲ್ ಸಿಗುತ್ತದೆ. ಘಟ್ಟದ ಮೇಲೆ ಧಾರವಾಡದಲ್ಲಿ 2016ರಲ್ಲಿ ಐಐಟಿ ಆರಂಭವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನ ಮತ್ತು ಸ್ವಯಂಚಾಲನೆ ವಿಭಾಗವಿದೆ. ಇದು 1969ರಲ್ಲಿ ಸ್ಕೂಲ್ ಆಫ್ ಆಟೊಮೇಷನ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಇಡೀ ದೇಶದಲ್ಲೇ ಹಿರಿಯ ವಿಭಾಗಗಳಲ್ಲಿ ಒಂದು. ಮುಂದಿನ ಉದಾಹರಣೆಗಳನ್ನು ಹೆಚ್ಚಾಗಿ ಈ ಸಂಸ್ಥೆಯಿಂದಲೇ ತೆಗೆದುಕೊಂಡಿದ್ದೇನೆ.

ಸಂಶೋಧನೆ ಎಂದರೆ ಏನು ಮಾಡುತ್ತಾರೆ?

"ಕಂಪ್ಯೂಟರಿನಲ್ಲಿ ಸಂಶೋಧನೆ ಮಾಡುವುದು ಏನಿದೆ, ಅದು ಯಂತ್ರವಲ್ಲವೇ?" ಎಂದು ಹಿರಿಯರು ಕೇಳುವುದುಂಟು. ನಮ್ಮ ಶಾಸ್ತ್ರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಕ್ರಿ.ಶ. 816ರಲ್ಲಿ ಮುಗಿಯಿತು. ಅದರ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿ. ಆ ಗ್ರಂಥದಲ್ಲಿ ಅರ್ಧಚ್ಛೇದ ಎಂಬ ಗಣಿತದ ಮಾತು ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ ಎಂಬುದೇ ಅದರ ಅರ್ಧಚ್ಛೇದ. 64ನ್ನು ಅರ್ಧ ಮಾಡುತ್ತ ಹೋದರೆ 32, 16, 8, 4, 2, 1. ಆರು ಸಲ. ಆದ್ದರಿಂದ 64ರ ಅರ್ಧಚ್ಛೇದ 6. ಇಂದಿನ ಗಣಿತದಲ್ಲಿ ಇದಕ್ಕೆ ಎರಡರ ಆಧಾರದ ಲಾಗರಿದಮ್ ಎನ್ನುತ್ತಾರೆ.

ಇದು ಕಂಪ್ಯೂಟರಿಗೆ ಏಕೆ ಬೇಕು? ಅಂಗಡಿಯ ಖಾತೆ ಪುಸ್ತಕದಲ್ಲಿ 1,024 ಗಿರಾಕಿಗಳ ಹೆಸರು ಅಕಾರಾದಿಯಾಗಿ ಇದೆ ಎಂದುಕೊಳ್ಳಿ. ಮೊದಲ ಪುಟದಿಂದ ಒಂದೊಂದೇ ಹೆಸರು ನೋಡುತ್ತ ಹೋದರೆ ಸಾವಿರ ಸಲ ನೋಡಬೇಕಾಗಬಹುದು. ನಡುವಿನ ಪುಟ ತೆರೆದು, ಬೇಕಾದ ಹೆಸರು ಹಿಂದಿದೆಯೋ ಮುಂದಿದೆಯೋ ನೋಡಿ, ಅರ್ಧ ಪುಸ್ತಕವನ್ನು ಬಿಟ್ಟುಬಿಡಬಹುದು. ಉಳಿದದ್ದನ್ನು ಮತ್ತೆ ಅರ್ಧ ಮಾಡಬಹುದು. ಹೀಗೆ ಮಾಡಿದರೆ ಹತ್ತು ಹನ್ನೊಂದು ಸಲದಲ್ಲಿ ಹೆಸರು ಸಿಗುತ್ತದೆ. ಹತ್ತು ಲಕ್ಷ ಹೆಸರಿದ್ದರೂ ಸುಮಾರು ಇಪ್ಪತ್ತೇ ಸಲ ಸಾಕು. ಯಂತ್ರ ಬದಲಾಗಿಲ್ಲ, ಕೆಲಸ ಮಾಡುವ ಕ್ರಮ ಬದಲಾಯಿತು. ಇಂಥ ಕ್ರಮಗಳನ್ನು ಕಂಡುಹಿಡಿಯುವುದು, ಇದಕ್ಕಿಂತ ಬೇಗ ಸಾಧ್ಯವೇ ಇಲ್ಲ ಎಂದು ಸಾಧಿಸಿ ತೋರಿಸುವುದು, ಇವು ಸಂಶೋಧನಾ ವಿಭಾಗದ ಒಂದು ಮುಖ್ಯ ಶಾಖೆ.

ನಮ್ಮ ಆಚಾರ್ಯರು ಕಂಪ್ಯೂಟರ್ ಕಂಡುಹಿಡಿದಿದ್ದರು ಎಂದು ಹೇಳಲು ಇದನ್ನು ಬರೆಯಲಿಲ್ಲ. ಅದು ಅತಿಶಯೋಕ್ತಿ. ಆದರೆ ಲೆಕ್ಕದ ಈ ಬಗೆಯ ಯೋಚನೆ ನಮ್ಮ ಪರಂಪರೆಗೆ ಹೊಸದಲ್ಲ, ಮಕ್ಕಳು ಅದಕ್ಕೆ ಹೆದರಬೇಕಾಗಿಲ್ಲ.

ಇನ್ನೊಂದು ಶಾಖೆ ಯಂತ್ರಗಳ ವ್ಯವಸ್ಥೆಯದು. ಒಂದೇ ಕ್ಷಣದಲ್ಲಿ ಲಕ್ಷಾಂತರ ಜನ ಯುಪಿಐ ಮೂಲಕ ಹಣ ಕಳುಹಿಸಿದಾಗ ಒಬ್ಬರ ಹಣ ಇನ್ನೊಬ್ಬರಿಗೆ ಹೋಗದಂತೆ, ನಡುವೆ ಕಳವಾಗದಂತೆ ನೋಡಿಕೊಳ್ಳುವ ಶಾಸ್ತ್ರ ಇಲ್ಲಿ ಬರುತ್ತದೆ. ಮೂರನೆಯದು ಕೃತಕ ಬುದ್ಧಿಮತ್ತೆ, ಅಂದರೆ ಉದಾಹರಣೆಗಳಿಂದ ಯಂತ್ರಕ್ಕೆ ಕಲಿಸುವ ವಿದ್ಯೆ.

ಸಂಶೋಧನೆ ಪ್ರಯೋಗಾಲಯದಲ್ಲೇ ಉಳಿಯುವುದಿಲ್ಲ. ವಿಜ್ಞಾನ ಸಂಸ್ಥೆಯ ಇದೇ ವಿಭಾಗದ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಅವರು ಇತರರೊಂದಿಗೆ ಸೇರಿ 2000ದ ಸುಮಾರಿಗೆ ಸಿಂಪ್ಯೂಟರ್ ಎಂಬ ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್ ರೂಪಿಸಿದರು. ಓದಲು ಬಾರದವರಿಗೂ ಉಪಯೋಗವಾಗಲಿ ಎಂದು ಭಾರತೀಯ ಭಾಷೆಗಳನ್ನು ಓದಿ ಹೇಳುವ ತಂತ್ರಾಂಶವೂ ಅದಕ್ಕಾಗಿ ತಯಾರಾಯಿತು. ಮಾರುಕಟ್ಟೆಯಲ್ಲಿ ಆ ಯಂತ್ರ ನಿರೀಕ್ಷಿಸಿದಷ್ಟು ಓಡಲಿಲ್ಲ. ಆದರೆ ಅದೇ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರಾಂಡ್ ಎಂಬ ಕಂಪನಿ ಜೀವಕೋಶದ ಮಾಹಿತಿಯನ್ನು ಕಂಪ್ಯೂಟರಿನಿಂದ ಪರಿಶೀಲಿಸುವ ಕೆಲಸದಲ್ಲಿ ಬೆಳೆಯಿತು. 2021ರಲ್ಲಿ ರಿಲಯನ್ಸ್ ಸಮೂಹ ಅದನ್ನು ಖರೀದಿಸಿತು. ವ್ಯಾಪಾರಸ್ಥರಾದ ನಮಗೆ ಇದು ಅರ್ಥವಾಗುವ ಮಾತು. ಒಂದು ಸರಕು ಹೋಗದಿದ್ದರೂ ಕಲಿತ ವಿದ್ಯೆ ಬಂಡವಾಳವಾಗಿ ಉಳಿಯುತ್ತದೆ.

ಹಾಡುವಳ್ಳಿಯ ವ್ಯಾಕರಣ ಮತ್ತು ಕಂಪ್ಯೂಟರ್

ಭಟ್ಕಳ ತಾಲ್ಲೂಕಿನ ಹಾಡುವಳ್ಳಿಗೆ ಹಿಂದೆ ಸಂಗೀತಪುರ ಎಂಬ ಹೆಸರಿತ್ತು. ಅಲ್ಲಿನ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕ ದೇವರು 1604ರಲ್ಲಿ ಕರ್ನಾಟಕ ಶಬ್ದಾನುಶಾಸನವನ್ನು ಬರೆದರು. ಕನ್ನಡ ಭಾಷೆಯ ನಿಯಮಗಳನ್ನು ಸಂಸ್ಕೃತದಲ್ಲಿ 592 ಸೂತ್ರಗಳಾಗಿ ಹೇಳಿದ ಗ್ರಂಥ ಇದು. 1890ರಲ್ಲಿ ಬಿ. ಎಲ್. ರೈಸ್ ಅವರು ಮುದ್ರಣಕ್ಕೆ ತಂದರು. ಭಟ್ಕಳ ಎಂಬ ಹೆಸರೇ ಭಟ್ಟಾಕಳಂಕರಿಂದ ಬಂತು ಎಂಬ ಮಾತೂ ನಮ್ಮಲ್ಲಿ ರೂಢಿಯಲ್ಲಿದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕನ್ನಡದಲ್ಲಿ ಒಂದೇ ಪದದೊಳಗೆ ಹಲವು ಪದಗಳು ಕೂಡಿರುತ್ತವೆ. "ಬಸದಿಯಲ್ಲಿದ್ದವರಿಗೂ" ಎಂಬ ಒಂದು ಪದದಲ್ಲಿ ಬಸದಿ, ಅಲ್ಲಿ, ಇದ್ದವರು, ಇಗೆ, ಊ ಎಲ್ಲ ಸೇರಿವೆ. ನಮ್ಮ ಮಕ್ಕಳು ಇದನ್ನು ಯೋಚಿಸದೆಯೇ ಬಿಡಿಸುತ್ತಾರೆ. ಕಂಪ್ಯೂಟರಿಗೆ ಬಿಡಿಸಲು ನಿಯಮ ಬೇಕು. ಭಾಷೆಯನ್ನು ಸೂತ್ರಗಳಾಗಿ ಹೇಳುವುದು ವೈಯಾಕರಣರ ಕೆಲಸವಾದರೆ, ಆ ಸೂತ್ರಗಳನ್ನು ಯಂತ್ರ ನಡೆಸುವಂತೆ ಮಾಡುವುದು ಕಂಪ್ಯೂಟರ್ ವಿಜ್ಞಾನದ ಕೆಲಸ. ಹೈದರಾಬಾದ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಕವಿ ನಾರಾಯಣ ಮೂರ್ತಿ ಅವರು ಕನ್ನಡ ಪದಗಳನ್ನು ಹೀಗೆ ಬಿಡಿಸುವ ಸಂಶೋಧನೆಯನ್ನೇ ವರ್ಷಗಟ್ಟಲೆ ಮಾಡಿದವರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಮುದ್ರಿತ ಕನ್ನಡ ಪುಟದ ಚಿತ್ರವನ್ನು ತಿದ್ದಬಹುದಾದ ಅಕ್ಷರಗಳಾಗಿ ಬದಲಿಸುವ ತಂತ್ರಾಂಶ ರೂಪಿಸಿತು. ಗಮನಿಸಿ, ಈ ಪ್ರಯೋಗಾಲಯ ಇರುವುದು ಎಲೆಕ್ಟ್ರಿಕಲ್ ವಿಭಾಗದಲ್ಲಿ. ಆದ್ದರಿಂದ ವಿಭಾಗದ ಹೆಸರು ನೋಡಿ ನಿರ್ಧರಿಸದೆ ಒಳಗೆ ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಬೇಕು.

ಮುದ್ರಿತ ಪುಟ ಸುಲಭ. ತಾಳೆಗರಿ ಕಷ್ಟ. ಅಲ್ಲಿ ಪದಗಳ ನಡುವೆ ಬಿಡುವು ಇಲ್ಲ, ಅಕ್ಷರದ ರೂಪ ಇಂದಿನದಲ್ಲ, ಗರಿ ಮುರಿದಿರುತ್ತದೆ, ಹುಳು ತಿಂದಿರುತ್ತದೆ. ಶಾಸನ ಇನ್ನೂ ಕಷ್ಟ. ಬೆಂಗಳೂರಿನ ಮಿಥಿಕ್ ಸೊಸೈಟಿ ತನ್ನ ಸುತ್ತಲಿನ ಕಲ್ಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದಲು ಬರುವಂತೆ ಮಾಡುತ್ತಿದೆ. ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳದ ಬಸದಿಗಳ ಅಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತ ಶಾಸನಗಳನ್ನು ನೋಡಿದವರಿಗೆ ಈ ಕೆಲಸದ ಬೆಲೆ ಗೊತ್ತು. ನಮ್ಮ ಕರಾವಳಿಯ ಮಳೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಅಕ್ಷರ ತೊಳೆಯುತ್ತಿದೆ.

ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಎಂಬ ಯೋಜನೆ ಘೋಷಿಸಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆ ಅದರ ಗುರಿ. ಚಿತ್ರ ತೆಗೆಯುವುದು ಮೊದಲ ಹೆಜ್ಜೆ ಮಾತ್ರ. ನಂತರ ಓದಿಸಬೇಕು, ಹುಡುಕಲು ಬರುವಂತೆ ಮಾಡಬೇಕು. ಅದಕ್ಕೆ ಕಂಪ್ಯೂಟರ್ ಬಲ್ಲವರು ಬೇಕು. ಅವರಲ್ಲಿ ಹಳಗನ್ನಡ, ಪ್ರಾಕೃತದ ಪರಿಚಯ ಇರುವವರು ತೀರಾ ಕಡಿಮೆ. ಮನೆಯಲ್ಲಿ ಸ್ವಾಧ್ಯಾಯ ನಡೆಯುವ ಜೈನ ಕುಟುಂಬದ ಮಗುವಿಗೆ ಇಲ್ಲಿ ಬೇರೆಯವರಿಗಿಲ್ಲದ ಅನುಕೂಲವಿದೆ.

ಹೊರಗಿನವರಿಗೆ ತೆರೆದ ಬಾಗಿಲು

ಈ ಭಾಗವನ್ನು ಪಾಲಕರು ದಯವಿಟ್ಟು ಗಮನವಿಟ್ಟು ಓದಬೇಕು. ದೊಡ್ಡ ಸಂಸ್ಥೆಗಳು ಹೊರಗಿನವರಿಗಾಗಿ ನಡೆಸುವ ಕಾರ್ಯಕ್ರಮಗಳಿಗೆ ಅಲ್ಲಿನ ಸೀಟು ಬೇಕಾಗಿಲ್ಲ. ಕೆಲವಕ್ಕೆ ಹಣವೂ ಬೇಡ.

ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಆರಂಭದಲ್ಲಿ, ಓಪನ್ ಡೇ ನಡೆಸುತ್ತದೆ. ಅಂದು ಎಲ್ಲ ವಿಭಾಗಗಳೂ ಸಾರ್ವಜನಿಕರಿಗೆ ತೆರೆದಿರುತ್ತವೆ. ಪ್ರವೇಶ ಉಚಿತ. ಶಾಲಾ ಮಕ್ಕಳು ಸಂಶೋಧಕರ ಎದುರೇ ನಿಂತು ಪ್ರಶ್ನೆ ಕೇಳಬಹುದು.

ಹನ್ನೆರಡನೇ ತರಗತಿಯವರೆಗಿನ ಮಕ್ಕಳಿಗೆ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ಇದೆ. ಅದರ ಮೊದಲ ಹಂತವಾದ ವಲಯ ಮಟ್ಟದ ಪರೀಕ್ಷೆ ತರ್ಕ ಮತ್ತು ಲೆಕ್ಕದ್ದು. ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವೂ ತಯಾರಿ ನಡೆಸಬಹುದು.

ಎಂಜಿನಿಯರಿಂಗ್, ವಿಜ್ಞಾನ ಪದವಿ ಓದುತ್ತಿರುವವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದರೆ ಬೇಸಿಗೆ ರಜೆಯಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ, ಜೊತೆಗೆ ಭತ್ಯೆ. ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಭಾಗವೂ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ಶಾಲೆ ನಡೆಸಿದೆ. ಬೆಂಗಳೂರಿಗೆ ಹೋಗಲಾಗದಿದ್ದರೆ ಎನ್‌ಪಿಟಿಇಎಲ್ ಇದೆ. ಐಐಟಿಗಳು ಮತ್ತು ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಅಲ್ಲಿನ ಪ್ರಾಧ್ಯಾಪಕರ ಪಾಠಗಳನ್ನು ಫೋನಿನಲ್ಲೇ ಉಚಿತವಾಗಿ ನೋಡಬಹುದು. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ.

ವಾಣಿಜ್ಯ ಓದಿದ ಮಕ್ಕಳ ಬಗ್ಗೆ ಒಂದು ಮಾತು. ನಮ್ಮ ಸಮಾಜದಲ್ಲಿ ಕಾಮರ್ಸ್‌ಗೆ ಹೋಗುವವರು ಹೆಚ್ಚು. ಅವರಿಗೆ ಈ ಬಾಗಿಲು ಮುಚ್ಚಿಲ್ಲ. ಮದ್ರಾಸ್ ಐಐಟಿ 2021ರಲ್ಲಿ ಡೇಟಾ ಸೈನ್ಸ್ ಪದವಿಯನ್ನು ಆನ್‌ಲೈನ್ ಮೂಲಕ ಆರಂಭಿಸಿತು. ಹನ್ನೆರಡನೆಯದನ್ನು ಯಾವ ವಿಭಾಗದಲ್ಲಿ ಮುಗಿಸಿದ್ದರೂ ಅರ್ಜಿ ಹಾಕಬಹುದು. ಜೆಇಇ ಇಲ್ಲದಿದ್ದರೆ ಅವರೇ ನಾಲ್ಕು ವಾರ ಪಾಠ ಮಾಡಿ ಅರ್ಹತಾ ಪರೀಕ್ಷೆ ನಡೆಸುತ್ತಾರೆ. ಅಂಗಡಿಯಲ್ಲಿ ತಂದೆಗೆ ನೆರವಾಗುತ್ತ ಓದುವ ಮಕ್ಕಳಿಗೆ ಇದು ಅನುಕೂಲ.

ಉದ್ಯೋಗ: ಸಾಫ್ಟ್‌ವೇರ್ ಕಂಪನಿ ಒಂದೇ ಅಲ್ಲ

ಸಾಫ್ಟ್‌ವೇರ್ ಕಂಪನಿಗಳ ನೇಮಕಾತಿ ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ಅಡಿಕೆ ದರದಂತೆ. ಈಗ ಸಾಧಾರಣ ಪ್ರೋಗ್ರಾಂ ಬರೆಯುವ ಕೆಲಸವನ್ನು ಕೃತಕ ಬುದ್ಧಿಮತ್ತೆಯೇ ಬಹುಮಟ್ಟಿಗೆ ಮಾಡುತ್ತದೆ. ಬರೀ ಒಂದು ಭಾಷೆಯಲ್ಲಿ ಕೋಡ್ ಬರೆಯಲು ಕಲಿತವರಿಗೆ ಇದು ಚಿಂತೆಯ ವಿಷಯ. ಗಣಿತದ ತಳಹದಿ ಗಟ್ಟಿಯಾಗಿದ್ದವರಿಗೆ ಅಷ್ಟು ಚಿಂತೆಯಿಲ್ಲ, ಏಕೆಂದರೆ ಯಂತ್ರ ಬರೆದದ್ದು ಸರಿಯೋ ತಪ್ಪೋ ಹೇಳಬಲ್ಲವರು ಬೇಕೇ ಬೇಕು.

ಸಂಶೋಧನೆಯ ದಾರಿಯಲ್ಲಿ ಹೋದವರಿಗೆ ಬೇರೆ ಕೆಲಸಗಳೂ ಇವೆ. ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ 2005ರಲ್ಲಿ, ಗೂಗಲ್ 2019ರಲ್ಲಿ ಸಂಶೋಧನಾ ಪ್ರಯೋಗಾಲಯ ತೆರೆದವು. ರಕ್ಷಣಾ ಇಲಾಖೆಯ ಡಿಆರ್‌ಡಿಒಗೆ ಸೇರಿದ ಕೃತಕ ಬುದ್ಧಿಮತ್ತೆ ಮತ್ತು ರೊಬೊಟಿಕ್ಸ್ ಕೇಂದ್ರ 1986ರಿಂದ ಬೆಂಗಳೂರಿನಲ್ಲಿದೆ. ಇಸ್ರೋ ಇದೆ. ನಮ್ಮ ಬಂದರುಗಳ ಮೀನುಗಾರರಿಗೆ ಎಲ್ಲಿ ಮೀನು ಸಿಗಬಹುದೆಂಬ ಸೂಚನೆ ಕೊಡುವ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇದೆ. ಅಧ್ಯಾಪಕರಾಗಲು ಇಚ್ಛಿಸುವವರಿಗೆ ಯುಜಿಸಿಯ ನೆಟ್, ರಾಜ್ಯದ ಕೆ-ಸೆಟ್ ಪರೀಕ್ಷೆಗಳಲ್ಲಿ ಕಂಪ್ಯೂಟರ್ ವಿಜ್ಞಾನದ ಪತ್ರಿಕೆ ಇದೆ. ಊರಿನ ಹತ್ತಿರವೇ ಇರಬೇಕೆನ್ನುವ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇದು ಗೌರವದ ವೃತ್ತಿ.

ದಾರಿ ಮತ್ತು ಹಣ

ಪಿಯುಸಿ ನಂತರ: ಎನ್‌ಐಟಿಕೆಗೆ ಜೆಇಇ ಮೇನ್ ಬೇಕು. ಅಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೇ ಮೀಸಲು. ಇದು ಎಷ್ಟೋ ಪಾಲಕರಿಗೆ ಗೊತ್ತಿಲ್ಲ. ಐಐಟಿ ಧಾರವಾಡಕ್ಕೆ ಮತ್ತು ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಆರಂಭವಾದ ಗಣಿತ ಮತ್ತು ಕಂಪ್ಯೂಟಿಂಗ್ ಬಿ.ಟೆಕ್‌ಗೆ ಜೆಇಇ ಅಡ್ವಾನ್ಸ್ಡ್ ಬೇಕು. ರಾಜ್ಯದ ಇತರ ಕಾಲೇಜುಗಳಿಗೆ ಸಿಇಟಿ ಅಥವಾ ಕಾಮೆಡ್‌ಕೆ.

ಬಿ.ಇ. ನಂತರ: ಗೇಟ್ ಪರೀಕ್ಷೆ. ಅರ್ಜಿ ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಯಾವ ಕಾಲೇಜಿನಲ್ಲಿ ಓದಿದಿರಿ ಎಂದು ಗೇಟ್ ಕೇಳುವುದಿಲ್ಲ. ಭಟ್ಕಳದಲ್ಲಿ ಓದಿದವರಿಗೂ ಬೆಂಗಳೂರಿನಲ್ಲಿ ಓದಿದವರಿಗೂ ಒಂದೇ ಪ್ರಶ್ನೆಪತ್ರಿಕೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಪಿಎಚ್‌ಡಿ ಸೇರಿದವರಿಗೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ. ಒಳ್ಳೆಯ ವಿಭಾಗಗಳಲ್ಲಿ ಬಿ.ಇ. ಮುಗಿಸಿದವರು ನೇರವಾಗಿಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು.

ಬಿಸಿಎ ಅಥವಾ ಬಿ.ಎಸ್ಸಿ. ನಂತರ: ಎಂಸಿಎ. ಇದು ಈಗ ಎರಡೇ ವರ್ಷ. ರಾಜ್ಯದಲ್ಲಿ ಪಿಜಿಸಿಇಟಿ, ಎನ್‌ಐಟಿಕೆಗೆ ನಿಮ್‌ಸೆಟ್ ಪರೀಕ್ಷೆ. ನಿಮ್‌ಸೆಟ್‌ಗೆ ಗಣಿತ ಓದಿರಬೇಕು, ಮೊದಲೇ ನೋಡಿಕೊಳ್ಳಿ. ಬಿಸಿಎ ಮಕ್ಕಳೂ ಗೇಟ್ ಬರೆಯಬಹುದು.

ಈಗ ವ್ಯಾಪಾರಿಯ ಲೆಕ್ಕ ಹಾಕಿ ನೋಡಿ. ಹೊಲ ಮಾರಿ, ಒಡವೆ ಅಡವಿಟ್ಟು, ಹೆಸರಿನ ಆಸೆಗೆ ದುಬಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದು ಒಂದು ದಾರಿ. ಹತ್ತಿರದ ಕಾಲೇಜಿನಲ್ಲಿ ಸಿಇಟಿ ಶುಲ್ಕಕ್ಕೆ ಓದಿಸಿ, ನಾಲ್ಕು ವರ್ಷ ಗಣಿತ ಗಟ್ಟಿ ಮಾಡಿಸಿ, ಗೇಟ್ ಮೂಲಕ ವೇತನದೊಂದಿಗೆ ದೊಡ್ಡ ಸಂಸ್ಥೆಗೆ ಕಳುಹಿಸುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಶ್ರಮ ಹೆಚ್ಚು, ಎಲ್ಲರಿಗೂ ಸಾಧಿಸುತ್ತದೆ ಎಂದು ಹೇಳಲಾಗದು. ಆದರೆ ಸಾಧಿಸದಿದ್ದರೂ ಸಾಲ ಉಳಿಯುವುದಿಲ್ಲ, ಕಲಿತ ಗಣಿತ ಉಳಿಯುತ್ತದೆ.

ಜೈನ ಸಮಾಜವನ್ನು ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದೆ. ಅದರಂತೆ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಗೆ ವೃತ್ತಿಪರ ಕೋರ್ಸ್ ಓದುವ ನಮ್ಮ ಮಕ್ಕಳೂ ಅರ್ಜಿ ಹಾಕಬಹುದು. ಪಿಎಚ್‌ಡಿಯವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ 2022-23ರಿಂದ ನಿಲ್ಲಿಸಿದೆ. ಅದನ್ನು ನಂಬಿ ಕೂರಬಾರದು. ಆದಾಯ ಮತ್ತು ಸಮುದಾಯ ಪ್ರಮಾಣಪತ್ರಗಳನ್ನು ಮೇ ತಿಂಗಳೊಳಗೆ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ನಾಡಕಚೇರಿಯ ಸಾಲಿನಲ್ಲಿ ನಿಂತರೆ ಆಗುವುದಿಲ್ಲ.

ಪಾಲಕರಲ್ಲಿ ವಿನಂತಿ

ಹಾಸ್ಟೆಲ್ ಊಟದ ಚಿಂತೆಯಿಂದ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಹೊರಗೆ ಕಳುಹಿಸದಿರುವ ಮನೆಗಳು ಈಗಲೂ ಇವೆ. ಚಿಂತೆ ಸಹಜ. ದೊಡ್ಡ ಸಂಸ್ಥೆಗಳಲ್ಲಿ ಸಸ್ಯಾಹಾರದ ವ್ಯವಸ್ಥೆ ಇರುತ್ತದೆ. ಕಂದಮೂಲ ವರ್ಜ್ಯ, ಸೂರ್ಯಾಸ್ತದೊಳಗೆ ಊಟ ಎಂಬುದಕ್ಕೆ ಅಲ್ಲಿ ಈಗಾಗಲೇ ಓದುತ್ತಿರುವ ಜೈನ ವಿದ್ಯಾರ್ಥಿಗಳನ್ನು ಮೊದಲೇ ವಿಚಾರಿಸಿ. ನಿಯಮ ಪಾಲಿಸುತ್ತ ಓದಿದವರು ಪ್ರತಿ ಕಡೆ ಸಿಗುತ್ತಾರೆ.

ಕೊನೆಯದಾಗಿ ಬಸದಿ ಸಮಿತಿಗಳಿಗೆ, ಯುವಕ ಮಂಡಳಿಗಳಿಗೆ ಒಂದು ಸಲಹೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಇಂದಿನ ಕಾಲಕ್ಕೆ ಹೊಂದುವ ರೂಪ ಕೊಡಬಹುದು. ಫೆಬ್ರವರಿ ಮಾರ್ಚ್‌ನಲ್ಲಿ ಮೂರು ತಾಲ್ಲೂಕು ಸೇರಿ ಒಂದು ಬಸ್ ಮಾಡಿ ಹೈಸ್ಕೂಲು, ಪಿಯು ಮಕ್ಕಳನ್ನು ಓಪನ್ ಡೇಗೆ ಕರೆದೊಯ್ಯಬಹುದು. ಒಲಿಂಪಿಯಾಡ್ ಅರ್ಜಿ, ಗೇಟ್ ಅರ್ಜಿ ತುಂಬಿಸಲು ದಶಲಕ್ಷಣ ಪರ್ವದ ದಿನಗಳಲ್ಲಿ ಬಸದಿಯಲ್ಲೇ ಒಂದು ಮೇಜು ಹಾಕಬಹುದು. ಕಂಪ್ಯೂಟರ್ ಓದುತ್ತಿರುವ ಮಕ್ಕಳಿಂದ ರಜೆಯಲ್ಲಿ ನಮ್ಮ ಬಸದಿಗಳ ಶಾಸನಗಳ ಸ್ಪಷ್ಟ ಚಿತ್ರ ತೆಗೆಸಿ ಸ್ಥಳ, ಅಳತೆಯೊಂದಿಗೆ ಪಟ್ಟಿ ಮಾಡಿಸಬಹುದು. ಇದಕ್ಕೆ ದೊಡ್ಡ ಖರ್ಚಿಲ್ಲ, ಮಳೆಗಾಲಕ್ಕೆ ಮೊದಲು ಆರಂಭಿಸಿದರೆ ಸಾಕು.